ಅಜ್ಜಿಯ ಮನೆಯ ಜಾಗದಲ್ಲಿ ಬಂದ ಶಿಬಿರ

1

ಕಾವ್ಯಕ್ಕೆ, ಕಾದಂಬರಿಗೆ, ನಾಟಕಕ್ಕೆ ನಮ್ಮಲ್ಲಿ ವಿಮರ್ಶಕರಿದ್ದಾರೆ. ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ತಪ್ಪು ಹುಡುಕುವ ಹಿರಿಯರು ಪ್ರತಿಯೊಂದು ಮನೆಯಲ್ಲಿದ್ದಾರೆ. ಆದರೆ ಮಹಾನಗರದ ಮನೆಗಳು ವರ್ಷಕ್ಕೊಮ್ಮೆ ತಪ್ಪದೆ ಓದುವ, ಓದಿ ಹಣ ಕಟ್ಟುವ, ಹಣ ಕಟ್ಟಿ ತಮ್ಮ ಮಗುವನ್ನೇ ಒಪ್ಪಿಸಿಬಿಡುವ ಒಂದು ಬಗೆಯ ಬರವಣಿಗೆಯನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಂಡಂತೆ ಕಾಣುವುದಿಲ್ಲ. ಅದು ಬೇಸಿಗೆ ಶಿಬಿರದ ಕರಪತ್ರ. ಆ ಕರಪತ್ರವನ್ನೂ ಅದು ಹೊಗಳುವ ಶಿಬಿರವನ್ನೂ ಒಂದು ಕೃತಿಯೆಂದೇ ಭಾವಿಸಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೋ ಸಂಜೆಗೋ ಮನೆಗೆ ಮರಳುವ, ಮೂರರಿಂದ ಎಂಟು ವರ್ಷದ ಮಕ್ಕಳ ಶಿಬಿರಗಳಿಗಷ್ಟೇ ಈ ಮಾತು ಸೀಮಿತ. ದೊಡ್ಡ ಮಕ್ಕಳು ಬೇಡವಾದುದನ್ನು ಬೇಡ ಎನ್ನಬಲ್ಲರು, ಕೊನೆಗೆ ಮುಖವನ್ನಾದರೂ ಊದಿಸಿಕೊಳ್ಳಬಲ್ಲರು. ಚಿಕ್ಕವರ ಪರವಾಗಿ ನಾವೇ ಆಯ್ದುಕೊಳ್ಳಬೇಕು. ಆದ್ದರಿಂದ ಆಯ್ಕೆಯ ಹೊಣೆ ಪೂರ್ತಿಯಾಗಿ ನಮ್ಮದು.

ಕ್ಷೇತ್ರವಾಗಿ ಕಾತ್ರಜವನ್ನು ಎತ್ತಿಕೊಂಡಿದ್ದೇನೆ. ಪುಣೆಯ ದಕ್ಷಿಣದ ಈ ಅಂಚು ಒಂದು ಕಾಲಕ್ಕೆ ಘಾಟಿನ ಬುಡದ ಹಳ್ಳಿ. ಬೆಂಗಳೂರು ಹೆದ್ದಾರಿಯ ಬಸ್ಸಿನಲ್ಲಿ ಊರಿಗೆ ಹೊರಟವರಿಗೆ ಪುಣೆ ಮುಗಿಯುತ್ತಿದ್ದದ್ದು ಇಲ್ಲಿ, ಊರಿನಿಂದ ಬಂದವರಿಗೆ ಪುಣೆ ತೊಡಗುತ್ತಿದ್ದದ್ದೂ ಇಲ್ಲಿ. ಈಗ ಗುಡ್ಡದ ಮಗ್ಗುಲವರೆಗೂ ವಸತಿ ಸಂಕೀರ್ಣಗಳು ಎದ್ದಿವೆ. ಹೋಟೆಲು ನಡೆಸುವ ಕರಾವಳಿಯವರು, ಕಾರ್ಖಾನೆ ಹಾಗೂ ಕಂಪ್ಯೂಟರ್ ಕಚೇರಿಗಳ ನೌಕರರು, ಕಾಲೇಜಿನ ಅಧ್ಯಾಪಕರು, ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದವರು ಹೀಗೆ ಬಗೆಬಗೆಯ ಕನ್ನಡ ಇಲ್ಲಿ ಕಿವಿಗೆ ಬೀಳುತ್ತದೆ. ಮಾರ್ಚ್ ಮುಗಿಯುವ ಹೊತ್ತಿಗೆ ಕಾತ್ರಜ, ಧನಕವಡಿ, ಆಂಬೇಗಾಂವ, ಬಾಲಾಜಿನಗರಗಳ ಕಟ್ಟಡಗಳ ಸೂಚನಾ ಫಲಕಗಳ ಮೇಲೆ, ದಿನಪತ್ರಿಕೆಯ ಮಡಿಕೆಯೊಳಗೆ, ತಾಯಂದಿರ ವಾಟ್ಸಪ್ ಬಳಗಗಳಲ್ಲಿ ಬಣ್ಣಬಣ್ಣದ ಕರಪತ್ರಗಳು ಕಾಣಿಸಿಕೊಳ್ಳುತ್ತವೆ. ಒಂದನ್ನು ಓದಿದರೆ ಹತ್ತನ್ನು ಓದಿದಂತೆ ಎನ್ನುವಷ್ಟು ಅವುಗಳಲ್ಲಿ ಹೋಲಿಕೆಯಿದೆ. ಹೀಗೆ ಹೋಲುವ ಬರಹಗಳಿಗೆ ಒಂದು ಪ್ರಕಾರ ಎಂದು ಕರೆಸಿಕೊಳ್ಳುವ ಅರ್ಹತೆ ತಾನಾಗಿ ಬರುತ್ತದೆ.

2

ಈ ಪ್ರಕಾರದ ಮೊದಲ ಲಕ್ಷಣ, ಅದರ ಕ್ರಿಯಾಪದ. ಕರಪತ್ರ ಇಂಗ್ಲಿಷಿನಲ್ಲಿರಲಿ ಮರಾಠಿಯಲ್ಲಿರಲಿ, ಅದರ ವಾಕ್ಯಗಳು ಒಂದೇ ಜಾಡಿನಲ್ಲಿ ಸಾಗುತ್ತವೆ: ಚಿತ್ರಕಲೆ ಕಲಿಸಲಾಗುವುದು, ನೃತ್ಯ ಹೇಳಿಕೊಡಲಾಗುವುದು, ಆತ್ಮವಿಶ್ವಾಸ ಬೆಳೆಸಲಾಗುವುದು. ಮಗು ಇಲ್ಲಿ ಯಾವ ಕ್ರಿಯೆಗೂ ಕರ್ತೃವಲ್ಲ. ಅದು ಹತ್ತುವುದಿಲ್ಲ, ಹುಡುಕುವುದಿಲ್ಲ, ಕೆಡವುವುದಿಲ್ಲ, ಸುಮ್ಮನೆ ಕೂಡುವುದಂತೂ ಇಲ್ಲವೇ ಇಲ್ಲ. ಎಲ್ಲವೂ ಅದರ ಮೇಲೆ ನಡೆಯತಕ್ಕ ಕ್ರಿಯೆಗಳು. ವ್ಯಾಕರಣದಲ್ಲೇ ಮಗುವಿಗೆ ಜಾಗವಿಲ್ಲದ ಕಡೆ ಅಂಗಳದಲ್ಲಿ ಜಾಗವಿರುತ್ತದೆಂದು ನಂಬುವುದು ಕಷ್ಟ.

ಎರಡನೆಯ ಲಕ್ಷಣ, ಪಟ್ಟಿ. ಹತ್ತು ದಿನದ ಶಿಬಿರವೊಂದು ಇಪ್ಪತ್ತು ಚಟುವಟಿಕೆಗಳ ಹೆಸರು ಹೇಳುತ್ತದೆಂದು ಇಟ್ಟುಕೊಳ್ಳೋಣ. ಇಂಥ ಪಟ್ಟಿ ಅಪರೂಪವಲ್ಲ. ದಿನಕ್ಕೆ ಮೂರು ಗಂಟೆಯಂತೆ ಒಟ್ಟು 30 ಗಂಟೆ. ಕೊನೆಯ ದಿನ ಸಮಾರೋಪ, ಉಳಿದದ್ದು 27. ತಿಂಡಿಗೆ, ಕೈತೊಳೆಯಲಿಕ್ಕೆ, ಶೌಚಕ್ಕೆ, ಚಪ್ಪಲಿ ಹುಡುಕಲಿಕ್ಕೆ ದಿನಕ್ಕೆ ಅರ್ಧ ಗಂಟೆ ಕಳೆದರೆ 22 ಗಂಟೆ 30 ನಿಮಿಷ. ಒಂದೊಂದು ಚಟುವಟಿಕೆಯ ಪಾಲಿಗೆ ಬರುವುದು ಒಂದು ಗಂಟೆ ಏಳೆಂಟು ನಿಮಿಷ. ನಾಲ್ಕು ವರ್ಷದ ಮಗುವಿಗೆ ಜೇಡಿಮಣ್ಣಿನ ತಣ್ಣನೆಯ ಅಂಟು ಒಗ್ಗುವುದಕ್ಕೇ ಅಷ್ಟು ಹೊತ್ತು ಬೇಕು. ಮಣ್ಣಿನಲ್ಲಿ ಕೈ ಕೂಡುವ ಹೊತ್ತಿಗೆ ಅದನ್ನು ಎಬ್ಬಿಸಿ ಕಾಗದ ಮಡಿಸಲು ಕೂಡಿಸುತ್ತಾರೆ. ಪಟ್ಟಿ ಉದ್ದವಾದಷ್ಟೂ ಶಿಬಿರ ಸಮೃದ್ಧವೆಂದು ಪಾಲಕರು ತಿಳಿಯುತ್ತಾರೆ. ಲೆಕ್ಕ ಹೇಳುವುದು ಅದಕ್ಕೆ ವಿರುದ್ಧ.

ಮೂರನೆಯದು, ಮತ್ತು ಮುಖ್ಯವಾದುದು, ಆ ಬರಹದ ಓದುಗ. ಕರಪತ್ರ ಮಾತಾಡುವುದು ಮಗುವಿನ ಜೊತೆ ಅಲ್ಲ, ಪಾಲಕರ ಒಂದು ಭಯದ ಜೊತೆ. ರಜೆ ವ್ಯರ್ಥವಾದೀತು, ನೆರೆಮನೆಯ ಮಗು ಮುಂದೆ ಹೋದೀತು, ನಮ್ಮದು ಮೊಬೈಲಿನ ಮುಂದೆ ಕೂತೀತು ಎಂಬ ಭಯ. ಇವುಗಳಲ್ಲಿ ಕೊನೆಯದು ನಿಜವಾದ ಭಯ, ಅದನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ನಾಯಕತ್ವದ ಗುಣ ಬೆಳೆಸುತ್ತೇವೆಂದು ಅಚ್ಚು ಹಾಕಿಸುವವರನ್ನು ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: ಆ ವಯಸ್ಸಿನಲ್ಲಿ ಅದು ಯಾರ ನಾಯಕನಾಗಬೇಕು? ಆ ವಯಸ್ಸಿನಲ್ಲಿ ತನ್ನ ಸರದಿಗಾಗಿ ಕಾಯುವುದನ್ನು ಕಲಿತರೆ ಅದೇ ದೊಡ್ಡ ವಿದ್ಯೆ.

3

ಯಾವ ಕೃತಿಯನ್ನಾದರೂ ಅಳೆಯುವ ಮೊದಲು ಅದರ ಪರಂಪರೆ ತಿಳಿಯಬೇಕು. ಬೇಸಿಗೆ ಶಿಬಿರದ ಮೂಲವನ್ನು ಸಾಮಾನ್ಯವಾಗಿ ಅಮೆರಿಕದಲ್ಲಿ ಹುಡುಕುತ್ತಾರೆ. 1861ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಫ್ರೆಡರಿಕ್ ಗನ್ ಎಂಬ ಶಿಕ್ಷಕ ತನ್ನ ಶಾಲೆಯ ಹುಡುಗರನ್ನು ಕಾಲ್ನಡಿಗೆಯಲ್ಲಿ ಸಮುದ್ರತೀರಕ್ಕೆ ಕರೆದೊಯ್ದು ಡೇರೆಗಳಲ್ಲಿ ಇಳಿಸಿದ. ಅಲ್ಲಿ ಆಗ ಅಂತರ್ಯುದ್ಧ ನಡೆದಿತ್ತು. ಹುಡುಗರಿಗೆ ಸೈನಿಕರಂತೆ ಬಯಲಿನಲ್ಲಿ ಮಲಗುವ ಹಂಬಲವಿತ್ತು. ಆ ನಾಡಿನಲ್ಲಿ ಮುಂದೆ ಬೆಳೆದ ಶಿಬಿರಗಳ ಹಿಂದೆ, ನಗರದ ಮಕ್ಕಳು ಮೆತ್ತಗಾಗುತ್ತಿದ್ದಾರೆ, ಅವರನ್ನು ಮರ ನೀರು ಮಣ್ಣಿಗೆ ಮರಳಿಸಬೇಕು ಎಂಬ ಆತಂಕವಿತ್ತು.

ನಮ್ಮ ಶಿಬಿರದ ವಂಶಾವಳಿ ಬೇರೆ. ಇಲ್ಲಿ ಅದು ಬಂದದ್ದು ಡೇರೆಯ ಜಾಗದಲ್ಲಲ್ಲ, ಅಜ್ಜಿಯ ಮನೆಯ ಜಾಗದಲ್ಲಿ. ಹೊರನಾಡ ಕನ್ನಡಿಗರ ಮಟ್ಟಿಗೆ ಈ ಮಾತು ಇನ್ನೂ ಖರೆ. ಪುಣೆ, ಮುಂಬಯಿ, ಸೊಲ್ಲಾಪುರಗಳಲ್ಲಿ ಬೆಳೆದ ಎರಡು ಮೂರು ತಲೆಮಾರಿನ ಮಕ್ಕಳಿಗೆ ಕನ್ನಡ ಉಳಿದದ್ದು ಎಷ್ಟು ಮಟ್ಟಿಗೆ ಮನೆಯ ಮಾತಿನಿಂದಲೋ ಅಷ್ಟೇ ಮಟ್ಟಿಗೆ ವರ್ಷಕ್ಕೊಮ್ಮೆ ಊರಿನಲ್ಲಿ ಕಳೆದ ಆ ಒಂದೂವರೆ ತಿಂಗಳಿನಿಂದ. ಅಲ್ಲಿ ಯಾರೂ ಏನನ್ನೂ ಕಲಿಸುತ್ತಿರಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಹಪ್ಪಳಗಳನ್ನು ಕಾಗೆಯಿಂದ ಕಾಯುವ ಕೆಲಸಕ್ಕೆ ಮಕ್ಕಳನ್ನು ಕೂಡಿಸುತ್ತಿದ್ದರು. ಕಾಯುವವರೇ ಅರ್ಧ ತಿನ್ನುತ್ತಿದ್ದರು. ಹುಣಸೆಹಣ್ಣಿನ ಬೀಜ ಬಿಡಿಸಬೇಕು, ಅದೇ ಬೀಜದಿಂದ ಸಂಜೆ ಚೆನ್ನೆಮಣೆ ಆಡಬೇಕು. ಐದು ವರ್ಷದವನೂ ಹದಿಮೂರರವಳೂ ಒಂದೇ ಗುಂಪು. ಲಗೋರಿಯಲ್ಲಿ ಚಿಕ್ಕವನಿಗೆ ರಿಯಾಯಿತಿ ಇತ್ತು, ಆದರೆ ಆಟದಿಂದ ಹೊರಗಿಡುತ್ತಿರಲಿಲ್ಲ. ಜಗಳ ನಡೆಯುತ್ತಿದ್ದದ್ದು ಕನ್ನಡದಲ್ಲಿ, ರಾಜಿಯಾಗುತ್ತಿದ್ದದ್ದೂ ಕನ್ನಡದಲ್ಲಿ. ಮಗು ಯಾವ ಭಾಷೆಯಲ್ಲಿ ಜಗಳವಾಡುತ್ತದೆಯೋ ಅದೇ ಅದರ ಭಾಷೆ.

ಇದನ್ನು ಹೇಳುವಾಗ ಹಳೆಯದೆಲ್ಲ ಹೊನ್ನು ಎಂಬ ಭ್ರಮೆ ಬೇಡ. ಆ ಒಂದೂವರೆ ತಿಂಗಳು ಮಕ್ಕಳಿಗೆ ರಜೆಯಾಗಿತ್ತು, ಅಡುಗೆಮನೆಯ ಹೆಂಗಸರಿಗೆ ಆಗಿರಲಿಲ್ಲ. ಹತ್ತು ದಾಟಿದ ಹುಡುಗಿಗೆ ಅರ್ಧ ದಿನ ಆಟ, ಅರ್ಧ ದಿನ ಕೆಲಸ. ಅಂಗಳದ ಆಟಕ್ಕೆ ಕೇರಿಯ ಎಲ್ಲ ಮಕ್ಕಳೂ ಬರುತ್ತಿರಲಿಲ್ಲ, ಏಕೆ ಬರುತ್ತಿರಲಿಲ್ಲವೆಂದು ಯಾರೂ ಕೇಳುತ್ತಿರಲಿಲ್ಲ. ಒಳ್ಳೆಯ ಶಿಬಿರಕ್ಕೆ ಅಜ್ಜಿಯ ಮನೆಗಿಂತ ಮುಂದೆ ಹೋಗುವ ಅವಕಾಶವಿದೆ ಎಂಬುದನ್ನೂ ಇಲ್ಲಿಯೇ ಗುರುತಿಸಬೇಕು.

ಈಗ ಆ ಮನೆ ಸುಲಭವಾಗಿ ಸಿಗುವುದಿಲ್ಲ. ತಾಯಿತಂದೆ ಇಬ್ಬರಿಗೂ ನೌಕರಿ; ಅಜ್ಜಿಯೇ ಮೊಮ್ಮಗುವನ್ನು ನೋಡಿಕೊಳ್ಳಲು ಪುಣೆಗೆ ಬಂದಿರುತ್ತಾಳೆ; ಊರಿನ ಮನೆಗೆ ಬೀಗ. ಶಾಲೆಗಳ ಪಂಚಾಂಗವೂ ಹೊಂದುವುದಿಲ್ಲ. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲಿನ ಎರಡನೆಯ ವಾರದ ಹೊತ್ತಿಗೆ ರಜೆ ಬಿದ್ದು ಮೇ ಕೊನೆಗೆ ಮುಗಿಯುತ್ತದೆ. ಮಹಾರಾಷ್ಟ್ರ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ರಜೆ ಮೇ ತಿಂಗಳಿನಿಂದ ಜೂನ್ ನಡುವಿನವರೆಗೆ. ಕೇಂದ್ರ ಪಠ್ಯಕ್ರಮದ ಅನೇಕ ಶಾಲೆಗಳು ಏಪ್ರಿಲಿನಲ್ಲೇ ಹೊಸ ವರ್ಷ ತೊಡಗಿ ಆಮೇಲೆ ಬಾಗಿಲು ಹಾಕುತ್ತವೆ. ಸೋದರಮಾವನ ಮಕ್ಕಳು ಬಿಡುವಾಗಿದ್ದಾಗ ನಮ್ಮವರು ಶಾಲೆಯಲ್ಲಿ; ನಮ್ಮವರು ಬಿಡುವಾದಾಗ ಅವರ ಪಾಟೀಚೀಲ ಸಿದ್ಧವಾಗಿರುತ್ತದೆ. ಈ ಬಿರುಕಿನಲ್ಲಿ ಶಿಬಿರ ಬಂದು ನಿಂತಿದೆ. ಆದ್ದರಿಂದ ಅದು ಶ್ರೀಮಂತರ ಷೋಕಿ ಎಂದು ತಳ್ಳಿಹಾಕುವವರು ದುಡಿಯುವ ತಾಯಿಯ ಕಷ್ಟ ಅರಿಯದವರು. ಶಿಬಿರ ಬೇಕು. ಆದರೆ ಅದು ಯಾವುದರ ಜಾಗದಲ್ಲಿ ಬಂದಿದೆಯೋ ಆ ಅಳತೆಗೋಲಿನಿಂದಲೇ ಅದನ್ನು ಅಳೆಯಬೇಕು ಎಂಬುದು ನನ್ನ ವಾದ.

4

ಮಕ್ಕಳನ್ನು ಮಕ್ಕಳಾಗಿ ಕಾಣುವ ಪರಂಪರೆ ನಮ್ಮ ಆಸುಪಾಸಿನಲ್ಲೇ ಇರುವಾಗ ಕರಪತ್ರಗಳು ಪರದೇಶದ ಮಗುವಿನ ಚಿತ್ರ ಹಾಕಿಕೊಳ್ಳುವುದು ವಿಚಿತ್ರ. ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನವನ್ನು ಕಟ್ಟಿದರು. ಪುಸ್ತಕದ ಪಾಠಕ್ಕಿಂತ ಕುಣಿತ, ನಾಟಕ, ತಿರುಗಾಟಗಳಲ್ಲಿ ಮಗು ಅರಳುತ್ತದೆಂಬುದು ಅವರ ನಂಬಿಕೆ. ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1936ರಲ್ಲಿ ಹೊರತಂದವರೂ ಅವರೇ. ಮಕ್ಕಳಿಗೆ ಕೊಡುವುದೆಂದರೆ ಜೊಳ್ಳು ಕೊಡುವುದಲ್ಲ, ಇಡೀ ಪ್ರಪಂಚವನ್ನೇ ಕೊಡುವುದು ಎಂಬ ಧೈರ್ಯ ಆ ಹೆಸರಿನಲ್ಲೇ ಇದೆ.

ಪುಣೆಯಿಂದ ವಾಯವ್ಯಕ್ಕೆ ನೋಡಿದರೆ ಇನ್ನೊಂದು ಧಾರೆ. ಭಾವನಗರದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಶಿಕ್ಷಕರಾದವರು. 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಅವರ ‘ದಿವಾಸ್ವಪ್ನ’ದ ಶಿಕ್ಷಕ ಪ್ರಾಥಮಿಕ ಶಾಲೆಯ ಒಂದು ತರಗತಿಯನ್ನು ವಹಿಸಿಕೊಂಡು ಪಠ್ಯಪುಸ್ತಕವನ್ನು ಬದಿಗಿಟ್ಟು ಕಥೆಯಿಂದ ತೊಡಗುತ್ತಾನೆ, ಮಕ್ಕಳು ಕೇಳಲು ಕೂತದ್ದೇ ಅವನ ಮೊದಲ ಗೆಲುವು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಮುಂದೆ ಆಗಿನ ಠಾಣೆ ಜಿಲ್ಲೆಯ ಬೋರ್ಡಿಗೆ, ಅನಂತರ ಕೋಸಬಾಡದ ಗುಡ್ಡಕ್ಕೆ ಹೋದರು. ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಅವರು ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು; ದನ ಕಾಯುವ ಹುಡುಗರಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ಇಂದು ಹಳ್ಳಿಹಳ್ಳಿಗೂ ಗೊತ್ತಿರುವ ಅಂಗನವಾಡಿ ಎಂಬ ಮಾತಿನ ಹಿಂದೆ ಆ ಪ್ರಯೋಗವಿದೆ. ಅವರ ಜೊತೆಗಾರ್ತಿ ಅನುತಾಯಿ ವಾಘರು ಅದನ್ನು ಮುಂದುವರಿಸಿದರು. ಈ ಮೂವರ ಸಾಮಾಗ್ರಿ ಏನೆಂದು ನೋಡಿ: ಕಥೆ, ಹಾಡು, ಮಣ್ಣು, ಎಲೆ, ಬೀಜ, ಚಿಪ್ಪು. ಹಣ ತಗಲುವುದು ಯಾವುದಕ್ಕೂ ಇಲ್ಲ. ತಗಲುವುದು ದೊಡ್ಡವರ ತಾಳ್ಮೆ.

ಕನ್ನಡದಲ್ಲಿ ಬೇಸಿಗೆಗೂ ಮಕ್ಕಳಿಗೂ ನಂಟು ಬೆಸೆದದ್ದು ಹೆಚ್ಚಾಗಿ ರಂಗಭೂಮಿ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿದರು. ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ತೊಡಗಿದ ಮೈಸೂರಿನ ರಂಗಾಯಣದಲ್ಲಿ ನಡೆಯುವ ಚಿನ್ನರ ಮೇಳ ನಾಡಿನಲ್ಲೇ ಹೆಸರಾದ ಬೇಸಿಗೆ ಶಿಬಿರ. ಇವುಗಳ ಗುಣ ದೊಡ್ಡದು: ಬೇರೆ ಬೇರೆ ವಯಸ್ಸಿನ ಮಕ್ಕಳು ಬೆರೆಯುತ್ತಾರೆ, ಅವಧಿ ದೀರ್ಘ, ಮಾತಿಗೆ ಕೆಲಸವಿದೆ. ಆದರೆ ರಂಗಶಿಬಿರಗಳಿಂದ ಹರಡಿದ ಒಂದು ರೋಗವನ್ನೂ ಹೇಳಬೇಕು. ಅದು ಸಮಾರೋಪದ ರೋಗ. ನುರಿತ ನಿರ್ದೇಶಕರ ಕೈಯಲ್ಲಿ ಕೊನೆಯ ದಿನದ ನಾಟಕ ತಿಂಗಳ ಆಟದ ಸಹಜ ಫಲವಾಗಿ ಬರುತ್ತದೆ. ಹತ್ತು ದಿನದ ಶಿಬಿರ ಅದನ್ನು ನಕಲು ಮಾಡಿದಾಗ ಫಲವಷ್ಟೇ ಉಳಿದು ಗಿಡ ಮಾಯವಾಗುತ್ತದೆ. ನಾಲ್ಕನೆಯ ದಿನದಿಂದಲೇ ತಾಲೀಮು. ಹೆಜ್ಜೆ ತಪ್ಪಿದವನಿಗೆ ಗದರಿಕೆ. ಕೊನೆಗೆ ವೇದಿಕೆಯ ಮೇಲೆ ಅಳುವ ಮಗು, ಕೆಳಗೆ ಮೊಬೈಲೆತ್ತಿದ ಅಪ್ಪ. ಸಮಾರೋಪ ಪಾಲಕರಿಗೆ ಕೊಡುವ ರಸೀದಿ. ರಸೀದಿಗಾಗಿ ಸರಕನ್ನೇ ಕೆಡಿಸಬಾರದು.

ಪುಣೆಯಲ್ಲೇ ಮಾದರಿಗಳುಂಟು. ಸಾರಸಬಾಗಿನ ಬಳಿಯ ಗರವಾರೆ ಬಾಲಭವನ 1980ರ ದಶಕದಿಂದ ಬಂದದ್ದು. ಶೋಭಾ ಭಾಗವತರು ಬಹುಕಾಲ ಅದನ್ನು ನಡೆಸಿ ಆಟವೇ ಮಗುವಿನ ಕೆಲಸ ಎಂಬುದನ್ನು ಪಾಲಕರಿಗೆ ತಿಳಿಹೇಳಿದರು. ವಿದ್ಯಾಪೀಠದ ಆವರಣದಲ್ಲಿರುವ ಆಯುಕಾ ಖಗೋಲ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ 2014ರವರೆಗೆ ಕೆಲಸ ಮಾಡಿದರು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಕಾಗದಗಳಿಂದ ಅವರು ಮಾಡಿದ ಆಟಿಕೆಗಳು ನಾಡೆಲ್ಲ ಹರಡಿವೆ. ಮಕ್ಕಳಿಗೆ ಆಟಿಕೆಯನ್ನು ಒಡೆದು ನೋಡುವ ಹಕ್ಕಿದೆ ಎಂಬುದು ಅವರ ಕೆಲಸದ ತಿರುಳು. ಒಡೆಯಲು ಬಿಡುವ ಶಿಬಿರ ಎಷ್ಟಿವೆ?

5

ಮಾದರಿ ಒಳ್ಳೆಯದೆಂದು ಕಾತ್ರಜದ ಮೂರು ವರ್ಷದ ಮಗುವನ್ನು ದಿನಾಲೂ ಸಾರಸಬಾಗಿಗೆ ಕರೆದೊಯ್ಯಲಾಗುವುದಿಲ್ಲ. ಆರೇಳು ಕಿಲೋಮೀಟರಿನ ದಾರಿ ನಕಾಶೆಯಲ್ಲಿ ಚಿಕ್ಕದು; ಸಾತಾರಾ ರಸ್ತೆಯ ವಾಹನಗಳ ನಡುವೆ, ಏಪ್ರಿಲಿನ ಬಿಸಿಲಿನಲ್ಲಿ ದೊಡ್ಡದು. ಚಿಕ್ಕ ಮಕ್ಕಳ ಮಟ್ಟಿಗೆ ಹತ್ತಿರದ ಸಾಧಾರಣ ಶಿಬಿರ ದೂರದ ಉತ್ತಮ ಶಿಬಿರಕ್ಕಿಂತ ಮೇಲು ಎನ್ನಬಹುದು. ಏಕೆಂದರೆ ಹತ್ತಿರದ ಶಿಬಿರದಲ್ಲಿ ಸಿಕ್ಕ ಗೆಳೆಯ ಶಿಬಿರ ಮುಗಿದ ಮೇಲೂ ಸಿಗುತ್ತಾನೆ. ಅಜ್ಜಿಯ ಊರಿನಲ್ಲಿ ಇದ್ದದ್ದೂ ಅದೇ: ಬಾಗಿಲು ತೆರೆದರೆ ಜೊತೆಗಾರರು.

ಕಾತ್ರಜದ ಶಿಬಿರಕ್ಕೆ ಕಾತ್ರಜವೇ ಬಂಡವಾಳ. ಇಲ್ಲಿ ಪೇಶ್ವೆ ನಾನಾಸಾಹೇಬನ ಕಾಲದ ಕೆರೆಯಿದೆ. 1750ರ ಆಸುಪಾಸಿನಲ್ಲಿ ಕಟ್ಟಿಸಿದ ನೆಲದಡಿಯ ಕಾಲುವೆಯಲ್ಲಿ ಈ ನೀರು ಗುರುತ್ವದ ಬಲದಿಂದಲೇ ಹರಿದು ಶನಿವಾರವಾಡೆಯ ತನಕ, ಪೇಟೆಯ ಹೊಂಡಗಳ ತನಕ ಹೋಗುತ್ತಿತ್ತು. ಅಂಗಳದ ಇಳಿಜಾರಿನಲ್ಲಿ ಮಣ್ಣಿನ ಕಾಲುವೆ ತೋಡಿ ಒಂದು ತಂಬಿಗೆ ನೀರು ಬಿಟ್ಟರೆ ಆರು ವರ್ಷದವರಿಗೆ ಆ ಇತಿಹಾಸವೂ ತಿಳಿಯುತ್ತದೆ, ನೀರಿನ ಸ್ವಭಾವವೂ ತಿಳಿಯುತ್ತದೆ. ಇಲ್ಲಿಯ ಹಾವಿನ ಉದ್ಯಾನ 1986ರಷ್ಟು ಹಳೆಯದು. ಅದನ್ನು ಕಟ್ಟಲು ಮುಂದಾದ ನೀಲಿಮಕುಮಾರ ಖೈರೆಯವರು 1980ರಲ್ಲಿ 72 ವಿಷಸರ್ಪಗಳೊಡನೆ 72 ಗಂಟೆ ಒಂದೇ ಗಾಜಿನ ಕೋಣೆಯಲ್ಲಿದ್ದು, ಕೆಣಕದಿದ್ದರೆ ಹಾವು ಕಚ್ಚದು ಎಂದು ತೋರಿಸಿದವರು. 1999ರಲ್ಲಿ ಅದೇ ಆವರಣದಲ್ಲಿ ಮಹಾನಗರಪಾಲಿಕೆಯ ಪ್ರಾಣಿಸಂಗ್ರಹಾಲಯ ರೂಪುಗೊಂಡಿತು. ಹಾಲು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳಲು ಜಿಲ್ಲಾ ಹಾಲು ಸಂಘದ ಡೇರಿ ಇಲ್ಲೇ ಇದೆ. ಇಷ್ಟೆಲ್ಲ ಇದ್ದೂ ಹವಾನಿಯಂತ್ರಿತ ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಆನೆ ತೋರಿಸುವ ಶಿಬಿರವನ್ನು ಯಾವ ದೃಷ್ಟಿಯಿಂದ ಆಧುನಿಕವೆನ್ನಬೇಕು?

ಬಿಸಿಲಿನ ಮಾತನ್ನು ಮರೆಯುವಂತಿಲ್ಲ. ಪುಣೆಯ ಏಪ್ರಿಲಿನಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುವ ದಿನಗಳುಂಟು. ಹೊರಾಂಗಣದ ಆಟ ಬೆಳಗಿನ ಏಳರಿಂದ ಒಂಬತ್ತೂವರೆಯೊಳಗೆ ಮುಗಿಯಬೇಕು. ಆಮೇಲೆ ನೆರಳು, ಕಥೆ, ಮಣ್ಣು, ನಿದ್ದೆ. ಹನ್ನೊಂದಕ್ಕೆ ಓಟದ ಸ್ಪರ್ಧೆ ಇಟ್ಟ ವೇಳಾಪಟ್ಟಿಯನ್ನು ಕಂಡರೆ ಮುಂದೆ ಓದಬೇಕಾದ ಅಗತ್ಯವಿಲ್ಲ.

6

ಹಾಗಾದರೆ ಪಾಲಕರು ಏನನ್ನು ನೋಡಬೇಕು? ಮೊದಲು ಕರಪತ್ರವನ್ನು ಮಡಿಸಿಟ್ಟು ಜಾಗಕ್ಕೆ ಹೋಗಬೇಕು, ಅದೂ ಮುನ್ಸೂಚನೆ ಕೊಡದೆ. ನೋಡಬೇಕಾದ ಮೊದಲ ಜಾಗ ಶೌಚಾಲಯ. ಮಗುವಿನ ಎತ್ತರಕ್ಕೆ ನೀರಿನ ನಲ್ಲಿ ಇದೆಯೇ, ಒಳಗಿನಿಂದ ಚಿಲಕ ಬಿದ್ದರೆ ಹೊರಗಿನಿಂದ ತೆರೆಯಲು ಬರುತ್ತದೆಯೇ, ಮಗುವಿನ ಜೊತೆ ಯಾರು ಹೋಗುತ್ತಾರೆ? ಈ ಮೂರು ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವವರು ಉಳಿದದ್ದನ್ನೂ ಯೋಚಿಸಿರುತ್ತಾರೆ. ಎರಡನೆಯದು ದೊಡ್ಡವರ ಎಣಿಕೆ. ನಾಲ್ಕು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬಳೇ ಹುಡುಗಿಯನ್ನು ನಿಲ್ಲಿಸಿದರೆ ಆಕೆ ಎಷ್ಟೇ ಒಳ್ಳೆಯವಳಾದರೂ ಕೊನೆಗೆ ಬಾಯಿ ಮುಚ್ಚಿಸುವ ಕೆಲಸಕ್ಕೇ ಇಳಿಯಬೇಕಾಗುತ್ತದೆ. ಕೆಲಸಗಾರರ ಹಿನ್ನೆಲೆಯನ್ನು ವಿಚಾರಿಸಿದ್ದೀರಾ, ಮಗುವನ್ನು ಕರೆದೊಯ್ಯಲು ಬಂದವರ ಗುರುತು ಹೇಗೆ ಹಿಡಿಯುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಡುಕುವ ಕಡೆ ಮಗುವನ್ನು ಬಿಡುವುದು ಬೇಡ.

ನೀರಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. 2018ರ ಏಪ್ರಿಲಿನಲ್ಲಿ, ಇದೇ ಪುಣೆ ಜಿಲ್ಲೆಯ ಮುಳಶಿ ತಾಲೂಕಿನ ಕಾತರಖಡಕ ಜಲಾಶಯದಲ್ಲಿ, ಚೆನ್ನೈನಿಂದ ಬೇಸಿಗೆ ಶಿಬಿರಕ್ಕೆ ಬಂದಿದ್ದ ಮೂವರು ಬಾಲಕರು ಮುಳುಗಿ ತೀರಿಕೊಂಡರು. ಅದು ದೊಡ್ಡ ಹುಡುಗರ, ಉಳಿದುಕೊಳ್ಳುವ ಶಿಬಿರ ನಿಜ. ಆದರೆ ಈಜುಕೊಳ, ಕೆರೆ, ಒಂದು ದಿನದ ಪ್ರವಾಸ ಎಂಬ ಮಾತು ಕರಪತ್ರದಲ್ಲಿ ಕಂಡೊಡನೆ ಆ ಮೂರು ಮನೆಗಳ ನೆನಪು ನಮಗೆ ಬರಬೇಕು. ನೀರಿಗಿಳಿಯುವ ಮಕ್ಕಳೆಷ್ಟು, ಈಜು ಬಲ್ಲ ದೊಡ್ಡವರೆಷ್ಟು, ಹತ್ತಿರದ ಆಸ್ಪತ್ರೆ ಯಾವುದು? ಇದಕ್ಕೆ ಬಾಯಿಮಾತಿನ ಭರವಸೆ ಸಾಲದು.

ಇಷ್ಟೂ ಸರಿಯಿದ್ದ ಮೇಲೆ ಗುಣದ ಪ್ರಶ್ನೆ. ವೇಳಾಪಟ್ಟಿಯಲ್ಲಿ ಏನನ್ನೂ ಬರೆಯದ ಹೊತ್ತು ದಿನಕ್ಕೆಷ್ಟಿದೆ ಎಂದು ಕೇಳಿ. ಆ ಹೊತ್ತನ್ನು ನಾಚಿಕೆಯಿಲ್ಲದೆ ತೋರಿಸುವ ಶಿಬಿರ ಒಳ್ಳೆಯದು. ಚಟುವಟಿಕೆ ಬೇಡವೆಂದು ಮೂಲೆಯಲ್ಲಿ ಕೂತ ಮಗುವನ್ನು ಏನು ಮಾಡುತ್ತಾರೆಂದು ಕೇಳಿ. ಮೊದಲ ದಿನ ಅಳುವ ಮಗುವಿನ ಬಳಿ ತಾಯಿಗೆ ತುಸುಹೊತ್ತು ಕೂಡಲು ಬಿಡುತ್ತಾರೆಯೇ, ಇಲ್ಲ ಬಾಗಿಲು ಹಾಕಿಕೊಂಡು ಹಾಡು ಜೋರಾಗಿ ಹಾಕುತ್ತಾರೆಯೇ ನೋಡಿ. ಐದರವರೂ ಎಂಟರವರೂ ದಿನದಲ್ಲಿ ಒಂದು ಹೊತ್ತಾದರೂ ಬೆರೆಯುತ್ತಾರೆಯೇ? ಕೊನೆಯದಾಗಿ, ಶಿಬಿರ ಹೇಗಿತ್ತೆಂಬುದಕ್ಕೆ ಸಾಕ್ಷಿ ಸಮಾರೋಪದ ವೇದಿಕೆಯಲ್ಲಿ ಇರುವುದಿಲ್ಲ, ಮನೆಯಲ್ಲಿರುತ್ತದೆ. ಸಂಜೆ ಮಗು ಯಾರೂ ಹೇಳದೆ ಅಲ್ಲಿಯ ಆಟವನ್ನು ಮನೆಯಲ್ಲಿ ಹೂಡಿದರೆ, ಅಜ್ಜಿಯನ್ನೂ ಆಟಕ್ಕೆ ಎಳೆದರೆ, ಶಿಬಿರ ಗೆದ್ದಿತು. ಏನಾಯಿತೆಂದು ಕೇಳಿದರೆ ಬಹುಮಾನದ ಡಬ್ಬಿಯನ್ನಷ್ಟೇ ತೋರಿಸಿದರೆ, ಸೋತಿತು.

7

ಇನ್ನು ನಮ್ಮ ಸಂಘಗಳಿಗೆ ಸಂಬಂಧಿಸಿದ ಮಾತು. ಕಾತ್ರಜದ ಶಿಬಿರಗಳಲ್ಲಿ ಇಂಗ್ಲಿಷು, ಮರಾಠಿ, ಹಿಂದಿ ಕೇಳುತ್ತವೆ, ಕನ್ನಡ ಕೇಳುವುದಿಲ್ಲ. ಮರಾಠಿಯ ಬಗ್ಗೆ ನಮಗೆ ತಕರಾರಿಲ್ಲ, ಇರಬಾರದು. ಪುಣೆಯಲ್ಲಿ ಬೆಳೆಯುವ ಮಗುವಿಗೆ ಮರಾಠಿ ನೆರೆಮನೆಯ ಮಾತು, ಆಟದ ಮಾತು. ಅದು ಬಾರದ ಮಗು ತನ್ನ ಬೀದಿಯಲ್ಲೇ ಪರಕೀಯ. ಪ್ರಶ್ನೆ ಇರುವುದು ಬೇರೆ: ಊರಿನ ಒಂದೂವರೆ ತಿಂಗಳು ಕಳೆದುಹೋದ ಮೇಲೆ ಕನ್ನಡದಲ್ಲಿ ಜಗಳವಾಡುವ ಅವಕಾಶ ಮಗುವಿಗೆ ಎಲ್ಲಿದೆ? ಮನೆಯಲ್ಲಿ ತಾಯಿತಂದೆಯರ ಜೊತೆ ಅದು ಆಡುವುದು ಬೇಡಿಕೆಯ ಕನ್ನಡ: ನೀರು ಕೊಡು, ಹಸಿವಾಯ್ತು, ನಿದ್ದೆ ಬಂತು. ವಾದದ, ಕುಶಾಲಿನ, ಕಟ್ಟುಕಥೆಯ ಕನ್ನಡ ಓರಗೆಯವರ ನಡುವೆ ಮಾತ್ರ ಬೆಳೆಯುತ್ತದೆ. ಭಾನುವಾರದ ಅಕ್ಷರಾಭ್ಯಾಸದ ವರ್ಗಗಳಿಂದ ಇದು ಸಾಧ್ಯವಿಲ್ಲ. ಅ ಆ ಇ ಈ ತಿದ್ದಬಲ್ಲ, ಆದರೆ ಕನ್ನಡದಲ್ಲಿ ಒಂದು ಸುಳ್ಳನ್ನೂ ಚೆಂದಾಗಿ ಹೇಳಲಾರದ ಮಕ್ಕಳನ್ನು ನಾವು ಬೆಳೆಸುತ್ತಿದ್ದೇವೆ.

ಆ ಓರಗೆಯವರು ಕಾತ್ರಜದಲ್ಲೇ ಇದ್ದಾರೆ. ನಾವು ವಾಸಿಸುವ ಸಂಕೀರ್ಣದ ಪಕ್ಕದಲ್ಲೇ ಇನ್ನೊಂದು ಏಳುತ್ತಿರುತ್ತದೆ. ಅದರ ತಗಡಿನ ಗುಡಿಸಲುಗಳ ಮುಂದೆ ಆಡುವ ಮಕ್ಕಳಲ್ಲಿ ಕಲಬುರ್ಗಿ ಯಾದಗಿರಿ ಕಡೆಯವರು ಇರುತ್ತಾರೆ. ನಮ್ಮ ಮಕ್ಕಳಿಗೆ ಬಾರದ ಕನ್ನಡ ಅವರಿಗೆ ಬರುತ್ತದೆ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳು ದುಡಿಯುವ ಕಟ್ಟಡದ ನಿವೇಶನದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯಿರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾನೂನು ಹೇಳುತ್ತಿತ್ತು. ಡೋರ್ ಸ್ಟೆಪ್ ಸ್ಕೂಲಿನಂಥ ಸಂಸ್ಥೆಗಳು 1990ರ ದಶಕದಿಂದ ಪುಣೆಯಲ್ಲಿ ಇಂಥ ಮಕ್ಕಳ ಬಳಿಗೇ ಶಾಲೆಯನ್ನು ಒಯ್ಯುತ್ತಿವೆ. ಅವರಿಗೆ ಬೇಸಿಗೆಯ ಶಿಬಿರವಿಲ್ಲ. ಬೇಸಿಗೆಯಲ್ಲಿ ಮನೆಯೂ ತಗಡು, ನೆರಳೂ ತಗಡು. ಹಗಲು ನೋಡಿಕೊಳ್ಳುವವರು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಕೈಗೆ ಕರಪತ್ರ ತಲಪುವುದೇ ಇಲ್ಲ.

ಕನ್ನಡ ಸಂಘಗಳು ಕಾತ್ರಜದಲ್ಲಿ ಮೇ ತಿಂಗಳ ಒಂದು ಶಿಬಿರ ನಡೆಸುವುದಾದರೆ ಅದರ ಬಾಗಿಲು ಈ ಎರಡೂ ಬಗೆಯ ಮಕ್ಕಳಿಗೆ ತೆರೆದಿರಲಿ ಎಂಬುದು ನನ್ನ ಸೂಚನೆ. ದಯೆಯ ಲೆಕ್ಕದಲ್ಲಲ್ಲ, ಭಾಷೆಯ ವಿಷಯದಲ್ಲಿ ಕೊಡುವ ಕೈ ಅವರದು, ತೆಗೆದುಕೊಳ್ಳುವ ಕೈ ನಮ್ಮದು. ಬೇಕಾದುದು ದೊಡ್ಡದೇನಲ್ಲ. ನೆರಳಿರುವ ಒಂದು ಅಂಗಳ, ಮಕ್ಕಳ ಎತ್ತರಕ್ಕೆ ನಲ್ಲಿ, ಮಣ್ಣು, ನೀರು, ಹುಣಸೆಬೀಜ, ಎಂಟು ಮಕ್ಕಳಿಗೊಬ್ಬರಂತೆ ದೊಡ್ಡವರು. ಊರಿನ ಮನೆಗೆ ಬೀಗ ಹಾಕಿ ಮಗನ ಮನೆಯ ಏಳನೆಯ ಮಹಡಿಯಲ್ಲಿ ದಿನ ದೂಡುತ್ತಿರುವ ಅಜ್ಜಿಯರು ನಮ್ಮ ಪ್ರತಿ ಕಟ್ಟಡದಲ್ಲೂ ಇದ್ದಾರೆ. ಕಥೆ ಹೇಳಲು ಅವರಿಗೆ ತರಬೇತಿ ಬೇಕಾಗಿಲ್ಲ, ಕೇಳುವವರು ಬೇಕು. ಶುಲ್ಕ ಕೊಡಬಲ್ಲವರು ಕೊಡಲಿ, ಕೊಡಲಾಗದವರಿಂದ ಕೇಳುವುದು ಬೇಡ. ಸಮಾರೋಪ ಬೇಡ, ಕೊನೆಯ ದಿನವೂ ಆಟವೇ ಇರಲಿ.

ಇಂಥ ಶಿಬಿರದಿಂದ ಮಗು ಮೈಗೆ ಮಣ್ಣು ಮೆತ್ತಿಕೊಂಡು, ಮೊಣಕಾಲು ತರಚಿಕೊಂಡು, ನಾವು ಕಲಿಸದ ಒಂದು ಬೈಗುಳವನ್ನೂ ಕಲಿತು ಮನೆಗೆ ಬಂದೀತು. ಗಾಬರಿಪಡುವ ಕಾರಣವಿಲ್ಲ. ಅಜ್ಜಿಯ ಊರಿನಿಂದ ನಾವೂ ಹಾಗೆಯೇ ಬರುತ್ತಿದ್ದೆವು. ಭಾಷೆ ನಮಗೆ ಅಂಟಿದ್ದೂ ಆ ಮಣ್ಣಿನ ಜೊತೆಯಲ್ಲೇ.